ಮಲ್ಲವೀರ ಖಾಶಾಬಾ ಜಾಧವರು

ದಾದರದ ಪೂರ್ವಭಾಗದಲ್ಲಿರುವ ನಾಯಗಾಂವದ ಪೋಲೀಸ್ ಮೈದಾನವನ್ನು ನಮ್ಮ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಮುಂಜಾನೆಯ ಹೊತ್ತು ಅಲ್ಲಿ ನಡೆಯುವ ಕವಾಯತನ್ನು ನೋಡುತ್ತ ನಿಂತು, ಪ್ರಾರ್ಥನೆಗೆ ತಡಮಾಡಿ ಬರುವ ಹುಡುಗರೂ ನಮ್ಮಲ್ಲಿ ಇಲ್ಲದಿಲ್ಲ. ಈ ಮುಂಬಯಿ ಪೋಲೀಸ್ ಖಾತೆಯಲ್ಲಿ ಹಿಂದೊಮ್ಮೆ ಗಿಡ್ಡ ನಿಲುವಿನ, ಗಟ್ಟಿಮೈಯ ಗೃಹಸ್ಥರೊಬ್ಬರು ಇಪ್ಪತ್ತೇಳು ವರ್ಷ ನೌಕರಿ ಮಾಡಿದರು. ಸಾಲುಗಟ್ಟಿ ನಿಂತ ನೂರಾರು ಜನರ ನಡುವೆ ಅವರನ್ನು ಕಂಡವರಿಗೆ ವಿಶೇಷವೇನೂ ತೋರುತ್ತಿರಲಿಲ್ಲ. ಆದರೆ ಸ್ವತಂತ್ರ ಭಾರತಕ್ಕೆ ಒಲಿಂಪಿಕ್ ಕೂಟದಲ್ಲಿ ಮೊತ್ತಮೊದಲನೆಯ ವೈಯಕ್ತಿಕ ಪದಕವನ್ನು ಗಳಿಸಿ ತಂದವರು ಅವರೇ. ಅವರ ಹೆಸರು ಖಾಶಾಬಾ ದಾದಾಸಾಹೇಬ ಜಾಧವ.

ಅವರ ಚರಿತ್ರೆಯನ್ನು ಈ ಸಲದ ವಾರ್ಷಿಕಾಂಕಕ್ಕೆ ಬರೆಯಬೇಕೆಂಬ ಯೋಚನೆ ನಮಗೆ ಬಂದುದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಒಂಬತ್ತನೆಯ ಇಯತ್ತೆಯ ಆ ಹುಡುಗನು ಉಪನಗರದ ಒಂದು ವ್ಯಾಯಾಮಶಾಲೆಯಲ್ಲಿ ಬ್ರೆಜಿಲ್ ದೇಶದ ಜಿಯು-ಜಿತ್ಸು ಎಂಬ ಮಲ್ಲವಿದ್ಯೆಯನ್ನು ಕಲಿಯುತ್ತಿದ್ದಾನೆ. ನೆಲಕ್ಕೆ ಬಿದ್ದ ಮೇಲೆ ಹೋರಾಡುವ ವಿದ್ಯೆಯು ನಮ್ಮ ಕುಸ್ತಿಯಲ್ಲಿ ಇಲ್ಲವಲ್ಲ, ಅದೇಕೆ ಎಂದು ಅವನು ತರಗತಿಯಲ್ಲಿ ಎದ್ದುನಿಂತು ಕೇಳಿದನು. ವ್ಯಾಕರಣದ ಪಾಠ ನಡೆದಿತ್ತು. ಸಮಾಸಗಳನ್ನು ಅಲ್ಲಿಯೇ ಬಿಟ್ಟು ನಾವು ಅರ್ಧ ತಾಸು ಕುಸ್ತಿಯ ಮಾತನ್ನೇ ಆಡಿದೆವು. ಹೇಳದೆ ಉಳಿದುದು ಬಹಳವಿತ್ತು. ಅದನ್ನು ಇಲ್ಲಿ ಬರೆಯುತ್ತೇವೆ.

ಖಾಶಾಬಾ ಅವರ ಜನ್ಮವಾದುದು 1926ನೆಯ ಇಸವಿಯ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರ್‍ಹಾಡ ತಾಲೂಕಿನ ಗೋಳೇಶ್ವರವೆಂಬ ಚಿಕ್ಕ ಹಳ್ಳಿಯಲ್ಲಿ. ಕರ್‍ಹಾಡದಲ್ಲಿ ಕೃಷ್ಣೆಯೂ ಕೊಯ್ನೆಯೂ ಎದುರುಬದುರಾಗಿ ಬಂದು ಕೂಡುತ್ತವೆ. ಅಲ್ಲಿಂದ ಮುಂದೆ ಹರಿದ ಕೃಷ್ಣೆಯೇ ನಮ್ಮ ಚಿಕ್ಕೋಡಿ ಅಥಣಿ ಸೀಮೆಗೆ ಇಳಿದು ಬರುವವಳು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮಂಥವರಿಗೆ, ಒಂದೇ ಹೊಳೆಯ ನೀರು ಕುಡಿದವರೆಂಬ ಸಲಿಗೆಯಿಂದ ಖಾಶಾಬಾ ಅವರು ಪರಕೀಯರೆಂದು ಎಂದೂ ತೋರಿದುದಿಲ್ಲ. ನಮ್ಮ ಸೀಮೆಯ ಊರೂರಿನಲ್ಲಿ ಹನುಮಂತ ದೇವರ ಗುಡಿಯ ಮಗ್ಗುಲಿಗೆ ಒಂದು ಗರಡಿಮನೆ ಇರುತ್ತಿತ್ತು. ಕೃಷ್ಣೆಯ ಮೇಲ್ದಂಡೆಯಲ್ಲಿ ಅದಕ್ಕೆ ತಾಲೀಮು ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಮ್ಮಣ್ಣಿನ ವಾಸನೆ ಒಂದೇ.

ತಂದೆ ದಾದಾಸಾಹೇಬರು ಸ್ವತಃ ಪೈಲವಾನರು. ಅವರ ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯವರು. ಐದನೆಯ ವಯಸ್ಸಿಗೇ ತಂದೆಯು ಮಗನನ್ನು ಮಟ್ಟಿಗೆ ಇಳಿಸಿದರು. ಗರಡಿಯ ಮಣ್ಣನ್ನು ಅಗೆದು, ಜರಡಿ ಹಿಡಿದು, ಮಜ್ಜಿಗೆ ಎಣ್ಣೆ ಅರಿಷಿಣಗಳನ್ನು ಬೆರೆಸಿ ಹದಗೊಳಿಸುವುದೇ ಕಲಿಯುವವನ ಮೊದಲನೆಯ ಪಾಠ. ದಂಡ ಬೈಠಕುಗಳು ಅದರ ನಂತರ, ಪಟ್ಟುಗಳು ಅದಕ್ಕೂ ನಂತರ. ಎಂಟು ವರ್ಷದವರಿರುವಾಗಲೇ ಅವರು ಆ ಭಾಗದ ಹೆಸರಾಂತ ಮಲ್ಲನೊಬ್ಬನನ್ನು ಎರಡು ನಿಮಿಷದೊಳಗಾಗಿ ಚಿತ್ತುಮಾಡಿದರೆಂದು ಗೋಳೇಶ್ವರದ ಕಡೆಯಲ್ಲಿ ಹೇಳುತ್ತಾರೆ. ಹಳ್ಳಿಯ ಅಭಿಮಾನವು ಒಂದೆರಡು ನಿಮಿಷಗಳನ್ನು ಕಡಿಮೆ ಮಾಡಿದ್ದರೂ ಇರಬಹುದು. ಆದರೆ ಆ ಬಾಲಕನ ಮೈಯಲ್ಲಿ ಏನೋ ಒಂದು ವಿಶೇಷವಿದೆಯೆಂಬುದು ಅಂದೇ ಜನರಿಗೆ ಹೊಳೆದಿತ್ತು.

ಕರ್‍ಹಾಡದ ಟಿಳಕ ಪ್ರೌಢಶಾಲೆಯಲ್ಲಿ 1940ರಿಂದ 1947ರವರೆಗೆ ಅವರ ವಿದ್ಯಾಭ್ಯಾಸ ನಡೆಯಿತು. ಅದು ಚಲೇಜಾವ್ ಚಳುವಳಿಯ ಕಾಲ. ಸಾತಾರಾ ಜಿಲ್ಲೆಯಲ್ಲಿ ಬ್ರಿಟಿಷರ ಅಧಿಕಾರವನ್ನು ಧಿಕ್ಕರಿಸಿ ಪ್ರತಿಸರಕಾರವನ್ನೇ ನಡೆಯಿಸಿದ ಕಾಲ. ಭೂಗತರಾದ ದೇಶಭಕ್ತರಿಗೆ ಆಶ್ರಯ ಕೊಡುವುದು, ಗುಪ್ತಪತ್ರಗಳನ್ನು ಹಂಚುವುದು ಮುಂತಾದ ಕೆಲಸಗಳಲ್ಲಿ ಖಾಶಾಬಾ ಅವರೂ ಕೈಗೂಡಿಸಿದರು. ದೇಶವು ಸ್ವತಂತ್ರವಾದಾಗ, ಒಲಿಂಪಿಕ್ ಕೂಟದಲ್ಲಿ ನಮ್ಮ ತ್ರಿವರ್ಣ ಧ್ವಜವನ್ನು ಏರಿಸಬೇಕೆಂದು ಆ ಯುವಕರು ಮನಸ್ಸಿನಲ್ಲಿ ನಿಶ್ಚಯಿಸಿದರಂತೆ.

ಮುಂದೆ ಅವರು ಕೊಲ್ಹಾಪುರದ ರಾಜಾರಾಮ ಕಾಲೇಜನ್ನು ಸೇರಿದರು. ಕೊಲ್ಹಾಪುರವೆಂದರೆ ಮಲ್ಲರ ಕಾಶಿ. ಶಾಹೂ ಮಹಾರಾಜರು ಕುಸ್ತಿಗೆಂದೇ ಕಟ್ಟಿಸಿದ ಖಾಸಬಾಗ ಮೈದಾನವು 1912ರಲ್ಲಿ ಪೂರ್ತಿಯಾಯಿತು. ನಡುವೆ ಮಟ್ಟಿ, ಸುತ್ತಲೂ ಇಳಿಜಾರಾಗಿ ಏರಿದ ಆಸನಗಳು. ಎಲ್ಲಿ ಕುಳಿತವನಿಗೂ ಜೋಡಿಯು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಬೆಳಗಾವಿ ಧಾರವಾಡ ವಿಜಾಪುರಗಳ ಎಷ್ಟೋ ಪೈಲವಾನರು ಅಲ್ಲಿಯ ತಾಲೀಮುಗಳಲ್ಲಿ ಇದ್ದು ಪಳಗಿದವರು. ಜಂಗೀ ಕುಸ್ತಿ ಇದೆಯೆಂದು ಸುದ್ದಿ ಬಂದರೆ ನಮ್ಮೂರಿನ ಹಿರಿಯರು ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ತಿರುಗಿ ಬಂದ ಮೇಲೆ ಎಂಟು ದಿನ ಕಟ್ಟೆಯ ಮೇಲೆ ಬೇರೆ ಮಾತು ಇರುತ್ತಿರಲಿಲ್ಲ.

ಅಂಥ ಊರಿನಲ್ಲಿ ಈ ಗಿಡ್ಡ ಹುಡುಗನನ್ನು ಮೊದಲು ಯಾರೂ ಲಕ್ಷಿಸಲಿಲ್ಲ. ಕಾಲೇಜಿನ ವಾರ್ಷಿಕ ಪಂದ್ಯಗಳಿಗೆ ಹೆಸರು ಕೊಡಹೋದಾಗ, ಮೈಕಟ್ಟು ಸಾಲದೆಂದು ತಿರುಗಿ ಕಳಿಸಿದರೆಂದು ಪ್ರಸಿದ್ಧಿಯಿದೆ. ಅವರು ನೆಟ್ಟಗೆ ಪ್ರಾಚಾರ್ಯ ಖರ್ಡೇಕರರ ಬಳಿಗೆ ಹೋದರು. ಪ್ರಾಚಾರ್ಯರು ಹುಡುಗನನ್ನು ಒಮ್ಮೆ ನೋಡಿ ಅನುಮತಿಯನ್ನು ಕೊಟ್ಟರು. ಖಾಶಾಬಾ ಅವರು ತಮಗಿಂತ ದೊಡ್ಡವರನ್ನು ಒಬ್ಬರ ಹಿಂದೊಬ್ಬರಂತೆ ಕೆಡವಿದರು. ಈ ಖರ್ಡೇಕರರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅವರ ಪ್ರಸ್ತಾಪ ತಿರುಗಿ ಬರತಕ್ಕದ್ದಿದೆ.

ಬಾಬುರಾವ ಬಲಾವಡೆ ಮತ್ತು ಬೇಲಾಪುರಿ ಗುರೂಜಿ ಎಂಬವರು ಅವರಿಗೆ ಕಲಿಸಿದರು. ಖಾಶಾಬಾ ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಒಲಿದಿದ್ದ ಪಟ್ಟು ಧಾಕ್. ಎದುರಾಳಿಯ ತಲೆಯನ್ನು ತೋಳಿನ ಸಂದಿಯಲ್ಲಿ ಭದ್ರವಾಗಿ ಹಿಡಿದು, ಮೈಯನ್ನು ತಿರುವಿ, ಅವನನ್ನು ತನ್ನ ಸೊಂಟದ ಮೇಲಿನಿಂದ ಎತ್ತಿ ನೆಲಕ್ಕೆ ಬಡಿಯುವುದೇ ಅದು. ನೋಡುವವರಿಗೆ ತೋಳಿನ ಬಲವೆಂದು ತೋರುತ್ತದೆ. ವಾಸ್ತವವಾಗಿ ಅದರ ಗುಟ್ಟು ಕಾಲುಗಳಲ್ಲಿ ಮತ್ತು ಸಮಯದಲ್ಲಿ ಇದೆ. ಎದುರಾಳಿಯು ಮುಂದಕ್ಕೆ ನೂಕಿದ ಆ ಒಂದು ಕ್ಷಣದಲ್ಲಿ ಅವನ ಭಾರವನ್ನೇ ಅವನ ಮೇಲೆ ಉಪಯೋಗಿಸಬೇಕು. ಗಿಡ್ಡವನಾಗಿ ಹುಟ್ಟಿದುದು ಇಲ್ಲಿ ಲಾಭವಾಯಿತು: ಎದುರಾಳಿಯ ಸೊಂಟಕ್ಕಿಂತ ತನ್ನ ಸೊಂಟವನ್ನು ಕೆಳಗೆ ತರಲು ಎತ್ತರದವನು ಬಾಗಬೇಕಾಗುತ್ತದೆ, ಗಿಡ್ಡವನು ನಿಂತೇ ಇರುತ್ತಾನೆ.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕೂಟವು ನೆರೆಯಿತು. ಕೊಲ್ಹಾಪುರದ ಮಹಾರಾಜರು ವೆಚ್ಚವನ್ನು ವಹಿಸಿಕೊಂಡುದರಿಂದ ಖಾಶಾಬಾ ಅವರು ಹೋಗುವಂತಾಯಿತು. ಅಲ್ಲಿ ಅವರಿಗೆ ಎದುರಾದ ಮೊದಲನೆಯ ಶತ್ರು ಮನುಷ್ಯನಲ್ಲ, ನೆಲ. ಹುಟ್ಟಿದಾಗಿನಿಂದ ಬರಿಗಾಲಿನಲ್ಲಿ ಸಡಿಲು ಮಣ್ಣಿನ ಮೇಲೆ ಸೆಣಸಿದವರು, ಕಾಲಿಗೆ ಬೂಟು ತೊಟ್ಟು ಮೆತ್ತೆಯ ಮೇಲೆ ನಿಲ್ಲಬೇಕಾಯಿತು. ಮಣ್ಣಿನಲ್ಲಿ ಕಾಲು ಊರುತ್ತದೆ, ಮೆತ್ತೆಯಲ್ಲಿ ಪುಟಿಯುತ್ತದೆ. ಮಣ್ಣು ಬೆವರನ್ನು ಹೀರಿ ಹಿಡಿತಕ್ಕೆ ಒದಗುತ್ತದೆ; ಮೆತ್ತೆಯ ಮೇಲೆ ಬೆವತ ಮೈ ಮೀನಿನಂತೆ ಜಾರುತ್ತದೆ. ನಿಯಮಗಳೂ ಬೇರೆ. ನಮ್ಮಲ್ಲಿ ಬೆನ್ನಿಗೆ ಮಣ್ಣು ಹತ್ತಿತೆಂದರೆ ತೀರಿತು, ಹತ್ತದಿದ್ದರೆ ತಾಸುಗಟ್ಟಲೆ ನಡೆಯಬಹುದು. ಅಲ್ಲಿ ಗಡಿಯಾರವಿದೆ, ಪಂಚರಿದ್ದಾರೆ, ಚಿತ್ತಾಗದಿದ್ದರೂ ತೀರ್ಪಿನಿಂದ ಸೋಲಬಹುದು.

ಇಷ್ಟಾದರೂ ಅವರು ಫ್ಲೈವೇಟ್ ಎಂಬ, 52 ಕಿಲೋಗ್ರಾಂ ತೂಕದೊಳಗಿನ ವರ್ಗದಲ್ಲಿ ಆಸ್ಟ್ರೇಲಿಯದ ಬರ್ಟ್ ಹ್ಯಾರಿಸನನ್ನೂ ಅಮೆರಿಕದ ಬಿಲ್ಲಿ ಜರ್ನಿಗನನ್ನೂ ಸೋಲಿಸಿ, ಇರಾಣದ ಮನ್ಸೂರ್ ರಯೀಸಿಗೆ ಸೋತು, ಆರನೆಯವರಾಗಿ ನಿಂತರು. ಅಲ್ಲಿ ಅವರಿಗೆ ಪಾಠ ಹೇಳಿದವರು ಅಮೆರಿಕದ ರೀಸ್ ಗಾರ್ಡ್ನರ್ ಎಂಬ ಕುಸ್ತಿಗಾರರು. ತಿರುಗಿ ಬಂದ ಖಾಶಾಬಾ ಅವರು ಆರನೆಯ ಸ್ಥಾನಕ್ಕೆ ಹಿಗ್ಗಲೂ ಇಲ್ಲ, ಕುಗ್ಗಲೂ ಇಲ್ಲ. ಇನ್ನು ನಾಲ್ಕು ವರ್ಷಗಳಿವೆಯೆಂದು ಲೆಕ್ಕ ಹಾಕಿ ಸಾಮುಮಾಡುವುದನ್ನು ಇಮ್ಮಡಿಗೊಳಿಸಿದರು.

ಇಲ್ಲಿ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಕೊಡುವುದು ಯುಕ್ತ. ನೆಲದ ಮೇಲಿನ ಹೋರಾಟವು ಕುಸ್ತಿಯಲ್ಲಿ ಇಲ್ಲದಿಲ್ಲ; ಆದರೆ ಅದರ ಗುರಿ ಬೇರೆ. ಕುಸ್ತಿಯಲ್ಲಿ ಕೆಳಗೆ ಬಿದ್ದವನು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಕೈಕಾಲುಗಳನ್ನು ಅಗಲಿಸಿ ಆಮೆಯಂತೆ ಗಟ್ಟಿಯಾಗುತ್ತಾನೆ. ಮೇಲಿನವನು ಅವನ ಕಂಕುಳಲ್ಲಿ ಕೈತೂರಿ ಹೆಗ್ಗತ್ತಿನ ಮೇಲೆ ಹಿಡಿದು ಒತ್ತಿ, ಸನ್ನೆಕೋಲಿನಿಂದ ಬಂಡೆಯನ್ನು ಹೊರಳಿಸುವಂತೆ ಹೊರಳಿಸಲು ನೋಡುತ್ತಾನೆ. ಹೊರಳಿದವನು ಇನ್ನೂ ಸೋತಿಲ್ಲ. ತಲೆ ಮತ್ತು ಪಾದಗಳನ್ನು ಊರಿ, ನಡುವನ್ನು ಕಮಾನಿನಂತೆ ಮೇಲೆತ್ತಿ, ಭುಜಗಳು ನೆಲ ಮುಟ್ಟದಂತೆ ಸೇತುವೆಯಾಗಿ ನಿಲ್ಲಬಹುದು. ಆ ಸೇತುವೆಯಿಂದಲೇ ಮಗ್ಗುಲಾಗಿ ಪಾರಾಗಬಹುದು. ಗರಡಿಯಲ್ಲಿ ಕುತ್ತಿಗೆಯ ಸಾಮು ಮಾಡಿಸುವುದು ಇದಕ್ಕಾಗಿಯೇ.

ಜಿಯು-ಜಿತ್ಸುವಿನ ಕಥೆ ಬೇರೆ. ಜಪಾನಿನ ಕೋಡೋಕಾನ್ ಶಾಲೆಯಲ್ಲಿ ಜೂಡೋ ಕಲಿತ ಮಿತ್ಸುಯೋ ಮಾಯೆದಾ ಎಂಬವರು ದೇಶದೇಶಗಳನ್ನು ತಿರುಗಿ 1914ರಲ್ಲಿ ಬ್ರೆಜಿಲನ್ನು ಮುಟ್ಟಿದರು. ಅವರಿಂದ ಕಾರ್ಲೋಸ್ ಗ್ರೇಸಿ ಎಂಬ ತರುಣನು ಕಲಿತನು; ಅವನ ತಮ್ಮನಾದ ಹೇಲಿಯೋ ಕೃಶಶರೀರಿ. ಬಲವಂತನ ಕೆಳಗೆ ಸಿಕ್ಕ ದುರ್ಬಲನು ಏನು ಮಾಡಬೇಕೆಂಬುದೇ ಆ ಮನೆತನದ ಚಿಂತೆಯಾಯಿತು. ಆದುದರಿಂದ ಅವರಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ, ಅಲ್ಲಿಂದಲೇ ಆಟ. ಕೆಳಗಿನವನು ತನ್ನ ಎರಡು ಕಾಲುಗಳನ್ನು ಮೇಲಿನವನ ಸೊಂಟಕ್ಕೆ ಸುತ್ತಿ ಅವನನ್ನು ಕಟ್ಟಿಹಾಕುತ್ತಾನೆ. ಕಾಲುಗಳೇ ಅವನ ಕೋಟೆ. ಮೇಲಿನವನು ಆ ಕೋಟೆಯನ್ನು ಬಿಡಿಸಿ, ಮೊಣಕಾಲನ್ನು ಒಳಗೆ ತೂರಿಯೋ, ಕಾಲುಗಳನ್ನು ಒಂದು ಮಗ್ಗುಲಿಗೆ ನೂಕಿಯೋ ದಾಟಿ, ಎದೆಯ ಪಕ್ಕಕ್ಕೆ ಬಂದು ಒತ್ತಬೇಕು. ದಾಟುವ ಅವಸರದಲ್ಲಿ ತೋಳನ್ನು ಮುಂದೆ ಚಾಚಿದನೋ, ಕೆಳಗಿನವನು ಆ ತೋಳನ್ನೇ ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈ ಮುರಿಯುವಂತೆ ತಿರುವುತ್ತಾನೆ, ಅಥವಾ ಕಾಲುಗಳ ತ್ರಿಕೋನದಲ್ಲಿ ಕುತ್ತಿಗೆಯನ್ನು ಅಮುಕುತ್ತಾನೆ. ದಾಟಿಬಿಟ್ಟರೆ ಕೆಳಗಿನವನ ಪಾಡು ಕಠಿಣ. ಅವನು ಸೊಂಟವನ್ನು ಮಗ್ಗುಲಿಗೆ ಜಾರಿಸಿ ಜಾಗ ಮಾಡಿಕೊಂಡು, ಮೊಣಕಾಲನ್ನು ಮತ್ತೆ ನಡುವೆ ತರಬೇಕು. ತಾಳಲಾರದವನು ಕೈಯಿಂದ ಎರಡು ಸಲ ತಟ್ಟಿದರೆ ಎದುರಾಳಿಯು ಒಡನೆಯೇ ಬಿಡತಕ್ಕದ್ದು. ಕುಸ್ತಿಯ ಪೈಲವಾನನಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ತಾನಾಗಿ ಬೆನ್ನನ್ನು ನೆಲಕ್ಕೆ ಕೊಡುವವನನ್ನು ಅವನು ಕನಸಿನಲ್ಲಿಯೂ ಕಂಡಿರುವುದಿಲ್ಲ. ಮೇಲಿನಿಂದ ಒತ್ತುವುದರಲ್ಲಿ, ಸೇತುವೆ ಕಟ್ಟಿ ಹೊರಳುವುದರಲ್ಲಿ ಮಾತ್ರ ಇವೆರಡು ವಿದ್ಯೆಗಳೂ ದಾಯಾದಿಗಳು.

1951ರ ಅಕ್ಟೋಬರದಲ್ಲಿ ರಿಯೋ ನಗರದ ಮರಕನಾ ಕ್ರೀಡಾಂಗಣದಲ್ಲಿ ಇದೇ ಹೇಲಿಯೋ ಗ್ರೇಸಿಯನ್ನು ಜಪಾನಿನ ಮಸಾಹಿಕೋ ಕಿಮುರಾ ತೋಳು ತಿರುವಿ ಸೋಲಿಸಿದನು. ಹೇಲಿಯೋ ತಟ್ಟಲಿಲ್ಲ, ಅಣ್ಣನೇ ಹೋರಾಟವನ್ನು ನಿಲ್ಲಿಸಬೇಕಾಯಿತು. ಒಂಬತ್ತು ತಿಂಗಳ ಮೇಲೆ ನಮ್ಮ ಖಾಶಾಬಾ ಅವರ ಎದುರಿಗೂ ಜೂಡೋ ಕಲಿತ ಜಪಾನಿಯೊಬ್ಬನೇ ಬಂದು ನಿಂತನು. ಆದರೆ ಅಷ್ಟು ದೂರ ಹೋಗುವ ಮೊದಲು ದಾಟಬೇಕಾದ ಹೊಳೆಗಳು ಬಹಳ ಇದ್ದವು.

1952ರ ಒಲಿಂಪಿಕ್ ಕೂಟವು ಫಿನ್ಲಂಡದ ಹೆಲ್ಸಿಂಕಿಯಲ್ಲೆಂದು ಗೊತ್ತಾಗಿತ್ತು. ಮದ್ರಾಸಿನ ರಾಷ್ಟ್ರೀಯ ಪಂದ್ಯದಲ್ಲಿ ಖಾಶಾಬಾ ಅವರಿಗೆ ಒಂದು ಅಂಕ ಕಡಿಮೆ ಬಿದ್ದು ಆಯ್ಕೆ ತಪ್ಪಿತು. ತಮಗೆ ಅನ್ಯಾಯವಾಗಿದೆಯೆಂದು ಅವರು ತಿಳಿದರು. ಸುಮ್ಮನೆ ಊರಿಗೆ ಮರಳಿದ್ದರೆ ಈ ಚರಿತ್ರೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಕುಸ್ತಿಪ್ರಿಯರಾದ ಪಟಿಯಾಲಾ ಮಹಾರಾಜರಿಗೆ ಮೊರೆಯಿಟ್ಟರು. ಮಹಾರಾಜರು ಇನ್ನೊಮ್ಮೆ ಜೋಡಿ ಕಟ್ಟಿಸಿದರು. ಈ ಸಲ ಅಂಕಗಳ ಮಾತೇ ಬಾರದಂತೆ ಖಾಶಾಬಾ ಅವರು ಎದುರಾಳಿಯನ್ನು ಚಿತ್ತುಮಾಡಿದರು.

ಆಯ್ಕೆಯೇನೋ ಆಯಿತು, ಹಣವೆಲ್ಲಿದೆ? ಲಂಡನ್ನಿಗೆ ಕಳಿಸಿದ ಕೊಲ್ಹಾಪುರ ಸಂಸ್ಥಾನವು 1949ರಲ್ಲಿಯೇ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿತ್ತು. ಹೋಗಿ ಬರುವ ಖರ್ಚನ್ನು ಪೈಲವಾನನೇ ಹೊಂದಿಸಿಕೊಳ್ಳಬೇಕಾಗಿತ್ತು. ಊರವರು ಕೈಲಾದಷ್ಟು ಕೂಡಿಸಿದರು. ಖಾಶಾಬಾ ಅವರೂ ಮನೆಯವರೂ ಅಂಗಡಿ ಮನೆಗಳ ಬಾಗಿಲಿಗೆ ಹೋಗಿ ಬೇಡಿದರು. ಮುಂಬಯಿ ಸರಕಾರಕ್ಕೂ ಅರಿಕೆ ಮಾಡಿಕೊಂಡರು. ಅಲ್ಲಿಂದ ಕೊನೆಗೆ ನಾಲ್ಕು ಸಾವಿರ ರೂಪಾಯಿಗಳು ಬಂದುವೆಂದು ಹೇಳುತ್ತಾರೆ. ಆದರೂ ದೊಡ್ಡ ಮೊತ್ತವೊಂದು ಕಡಿಮೆಯೇ ಉಳಿಯಿತು.

ಆಗ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು ಏಳು ಸಾವಿರ ರೂಪಾಯಿಗಳನ್ನು ತಂದುಕೊಟ್ಟರು.

ಈ ಒಂದು ವಾಕ್ಯವನ್ನು ಬರೆದು ನಾವು ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತೆವು. ನಾವೂ ಶಿಕ್ಷಕರು. ಬಾಡಿಗೆಯ ಎರಡು ಕೋಣೆಗಳಲ್ಲಿರುವ ನಮಗೆ ಒತ್ತೆಯಿಡಲು ಮನೆಯಿಲ್ಲವೆಂಬುದು ಬೇರೆ ಮಾತು. ಇದ್ದಿದ್ದರೆ ಇಡುತ್ತಿದ್ದೆವೆ? ಹುಡುಗನು ಗೆಲ್ಲುವನೆಂಬ ಖಾತ್ರಿ ಯಾರಿಗೂ ಇರಲಿಲ್ಲ. ಹಿಂದಿನ ಸಲ ಆರನೆಯವನಾಗಿ ಬಂದವನು. ಗೆದ್ದರೂ ಒಲಿಂಪಿಕ್ ಪದಕದ ಜೊತೆಗೆ ಹಣದ ಥೈಲಿ ಕೊಡುವುದಿಲ್ಲ. ಸಾಲ ತೀರುವ ದಾರಿ ಕಣ್ಣಿಗೆ ಕಾಣುವಂತಿರಲಿಲ್ಲ. ಆ ಮನೆಯ ಗೃಹಿಣಿಯು ಏನೆಂದುಕೊಂಡಿರಬಹುದೆಂದು ನಮ್ಮ ಮನೆಯಲ್ಲಿ ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ.

1952ರ ಜುಲೈ ತಿಂಗಳಿನಲ್ಲಿ ಖಾಶಾಬಾ ಅವರು ಹೆಲ್ಸಿಂಕಿಯ ಮೆತ್ತೆಯ ಮೇಲೆ ನಿಂತರು. ಈ ಸಲ ಅವರದು ಬ್ಯಾಂಟಮ್‌ವೇಟ್ ಎಂಬ 57 ಕಿಲೋಗ್ರಾಮಿನ ವರ್ಗ. ಅಂದಿನ ನಿಯಮದಂತೆ ಒಂದು ಜೋಡಿಗೆ ಹದಿನೈದು ನಿಮಿಷ. ಸೋತ ಕೂಡಲೇ ಮನೆಗೆ ಹೋಗುವ ಪದ್ಧತಿ ಇರಲಿಲ್ಲ. ಸೋತವನಿಗೂ, ಚಿತ್ತುಮಾಡದೆ ತೀರ್ಪಿನಿಂದ ಗೆದ್ದವನಿಗೂ ದೋಷಾಂಕಗಳು ಬೀಳುತ್ತಿದ್ದುವು. ದೋಷಾಂಕಗಳು ಮಿತಿಮೀರಿದವನು ಹೊರಗೆ. ಹೀಗಾಗಿ ಚಿತ್ತುಮಾಡಿ ಗೆಲ್ಲುವವನಿಗೇ ಅಲ್ಲಿ ಬೆಲೆ. ಮಟ್ಟಿಯಲ್ಲಿ ಬೆಳೆದವನಿಗೆ ಇದೊಂದು ಅನುಕೂಲವೇ ಆಯಿತು.

ಮೊದಲಿಗೆ ಕೆನಡಾದ ಪೋಲಿಕ್ವಿನ್. ಅವನು ಸುಲಭವಾಗಿ ಬಗ್ಗಲಿಲ್ಲ. ಗಡಿಯಾರದಲ್ಲಿ ಹದಿನಾಲ್ಕು ನಿಮಿಷಗಳು ಕಳೆದ ಮೇಲೆ, ಇನ್ನೇನು ಹೊತ್ತು ಮುಗಿಯಿತೆನ್ನುವಾಗ ಚಿತ್ತಾದನು. ಅನಂತರ ಮೆಕ್ಸಿಕೋದ ಬಸುರ್ತೋ. ಅವನು ಅಷ್ಟು ಹೊತ್ತು ನಿಲ್ಲಲಿಲ್ಲ. ಜರ್ಮನಿಯ ಷ್ಮಿಟ್ಸನನ್ನೂ ಅವರು ಗೆದ್ದರು. ಭಾರತದ ಪಾಳೆಯದಲ್ಲಿ ಹಾಕಿಯ ಹೊರತು ಬೇರೆ ಆಸೆಯನ್ನಿಟ್ಟುಕೊಂಡು ಬಂದವರು ಯಾರೂ ಇರಲಿಲ್ಲ. ಈಗ ಈ ಗಿಡ್ಡ ಪೈಲವಾನನ ಹೆಸರು ಕೊನೆಯ ಮೂವರಲ್ಲಿ ನಿಂತಿತ್ತು.

ಉಳಿದವರಿಬ್ಬರಲ್ಲಿ ಒಬ್ಬನು ಜಪಾನಿನ ಶೋಹಾಚಿ ಇಶಿಯಿ. ಇವನು ಮೂಲತಃ ಜೂಡೋಪಟು. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತ ಮೇಲೆ ಅಲ್ಲಿ ಜೂಡೋವಿಗೆ ನಿಷೇಧವಾಗಲು, ಅವನು ಕುಸ್ತಿಗೆ ತಿರುಗಿದವನು. ಮಣ್ಣಿನಲ್ಲಿ ಕಲಿತವನಿಗೂ ಚಾಪೆಯ ಮೇಲೆ ಕಲಿತವನಿಗೂ ಹದಿನೈದು ನಿಮಿಷ ಪೂರ್ತಿ ಹೋರಾಟ ನಡೆಯಿತು. ಒಬ್ಬರೂ ಚಿತ್ತಾಗಲಿಲ್ಲ, ತೀರ್ಪು ಇಶಿಯಿಯ ಕಡೆಗಾಯಿತು. ಮುಂದೆ ಸುವರ್ಣಪದಕ ಪಡೆದವನೂ ಅವನೇ. ಆ ಕೂಟದಲ್ಲಿ ಜಪಾನಿಗೆ ದೊರೆತ ಸುವರ್ಣ ಅದೊಂದೇ.

ಆ ಬೆವರು ಆರುವ ಮೊದಲೇ ಖಾಶಾಬಾ ಅವರನ್ನು ಸೋವಿಯತ್ ರಶಿಯದ ರಶೀದ್ ಮಮ್ಮದ್‌ಬೆಯೋವನ ಎದುರಿಗೆ ಕರೆದರು. ಎರಡು ಜೋಡಿಗಳ ನಡುವೆ ಅರ್ಧ ತಾಸಿನ ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಆದರೆ ನಿಯಮವನ್ನು ತೋರಿಸಿ ವಾದಿಸಲು ಭಾರತದ ಅಧಿಕಾರಿಗಳು ಒಬ್ಬರೂ ಆ ಹೊತ್ತಿಗೆ ಅಲ್ಲಿ ಇರಲಿಲ್ಲವೆಂದು ವೃತ್ತಾಂತಗಳು ಹೇಳುತ್ತವೆ. ಖಾಶಾಬಾ ಅವರಿಗೆ ಅಲ್ಲಿಯವರ ಭಾಷೆ ಬಾರದು, ಅಲ್ಲಿಯವರಿಗೆ ಇವರ ಭಾಷೆ ಬಾರದು. ಹದಿನೈದು ನಿಮಿಷ ಸೆಣಸಿ ಏದುತ್ತಿದ್ದವರು ಮತ್ತೆ ಮೆತ್ತೆಯನ್ನು ಏರಿದರು, ಸೋತರು. ಗರಡಿಯಲ್ಲಾದರೆ ಉಸ್ತಾದನು ನಡುವೆ ಬಂದು ನಿಲ್ಲುತ್ತಿದ್ದನು. ಕನ್ನಡವೊಂದನ್ನೇ ಬಲ್ಲ ನಾವು ಮೊದಲ ಸಲ ಈ ಮಹಾನಗರದ ರೈಲು ನಿಲ್ದಾಣದಲ್ಲಿ ಇಳಿದು, ಕೇಳಬೇಕಾದುದನ್ನು ಕೇಳಲು ಮಾತು ಸಿಗದೆ ನಿಂತ ದಿನ ನಮಗೆ ಈ ಪ್ರಸಂಗವನ್ನು ಓದಿದಾಗಲೆಲ್ಲ ನೆನಪಾಗುತ್ತದೆ.

1952ರ ಜುಲೈ 23ರಂದು ಖಾಶಾಬಾ ಜಾಧವರ ಕೊರಳಿಗೆ ಅಲ್ಲ, ಕೈಗೆ ಕಂಚಿನ ಪದಕ ಬಂದಿತು. ಕೊರಳಿಗೆ ತೊಡಿಸುವ ಪದ್ಧತಿ ಆಗ ಇರಲಿಲ್ಲ. ಮರುದಿನ ಹಾಕಿಯ ತಂಡವು ಸುವರ್ಣವನ್ನು ಗೆದ್ದಿತು. ಪತ್ರಿಕೆಗಳ ಮೊದಲ ಪುಟಗಳು ಹಾಕಿಗೆ ಸಂದುದರಲ್ಲಿ ಆಶ್ಚರ್ಯವಿಲ್ಲ. ಅದೇ ಕೂಟದಲ್ಲಿ ಕೊಲ್ಹಾಪುರದ ಇನ್ನೊಬ್ಬ ಮಲ್ಲ ಕೇಶವ ಮಾಣಗಾವೆ ಅವರು ತಮ್ಮ ವರ್ಗದಲ್ಲಿ ನಾಲ್ಕನೆಯವರಾಗಿ ಕೂದಲೆಳೆಯಲ್ಲಿ ಪದಕ ತಪ್ಪಿಸಿಕೊಂಡರು. ಅವರನ್ನು ಇಂದು ನೆನೆಯುವವರು ಇನ್ನೂ ಕಡಿಮೆ.

ಆದರೆ ಕರ್‍ಹಾಡದವರು ಪತ್ರಿಕೆಗಳಿಗಾಗಿ ಕಾಯಲಿಲ್ಲ. ತಮ್ಮ ಹುಡುಗನು ಬರುವ ದಿನ ನೂರ ಐವತ್ತೊಂದು ಎತ್ತಿನ ಗಾಡಿಗಳನ್ನು ಶೃಂಗರಿಸಿ ಕರ್‍ಹಾಡದ ನಿಲ್ದಾಣಕ್ಕೆ ತಂದರು. ಕೋಡುಗಳಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮುಂದೆ ಹಲಗೆ ಲೇಜೀಮು. ನಿಲ್ದಾಣದಿಂದ ಗೋಳೇಶ್ವರಕ್ಕೆ ಎಂದಿನ ದಿನ ಹದಿನೈದು ನಿಮಿಷದ ದಾರಿ. ಅಂದು ಏಳು ತಾಸು ಹಿಡಿಯಿತು.

ಮೆರವಣಿಗೆಯ ಧೂಳು ಅಡಗಿದ ಮೇಲೆ ಖಾಶಾಬಾ ಅವರು ಮಾಡಿದ ಮೊದಲನೆಯ ಕೆಲಸವೇ ನಮ್ಮ ಮನಸ್ಸಿನಲ್ಲಿ ಪದಕಕ್ಕಿಂತ ಆಳವಾಗಿ ನಿಂತಿದೆ. ಅವರು ಕೊಲ್ಹಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿದರು. ತಾವೂ ಮಟ್ಟಿಗೆ ಇಳಿದರು. ಚೀಟಿಯ ಹಣವನ್ನು ಕೂಡಿಸಿ ಖರ್ಡೇಕರರಿಗೆ ಒಪ್ಪಿಸಿ, ಒತ್ತೆಯ ಸಾಲವನ್ನು ತೀರಿಸಿದರು. ಲೋಕದಲ್ಲಿ ಮೂರನೆಯವನೆನ್ನಿಸಿಕೊಂಡು ಬಂದ ಮಲ್ಲನು ಗುರುವಿನ ಮನೆಯನ್ನು ಬಿಡಿಸಿಕೊಡುವುದಕ್ಕಾಗಿ ತಿರುಗಿ ಹಳೆಯ ಮಣ್ಣಿನಲ್ಲಿಯೇ ಹೊರಳಾಡಿದನು.

1955ರಲ್ಲಿ ಅವರು ಪೋಲೀಸ್ ಖಾತೆಯನ್ನು ಸಬ್-ಇನ್ಸ್‌ಪೆಕ್ಟರರಾಗಿ ಸೇರಿದರು. 1956ರ ಮೆಲ್ಬರ್ನ್ ಒಲಿಂಪಿಕ್ಕಿಗೂ ಸಿದ್ಧತೆ ನಡೆದಿತ್ತು. ಮೊಣಕಾಲಿಗೆ ಬಲವಾದ ಪೆಟ್ಟು ಬಿದ್ದು ಆ ಬಾಗಿಲು ಮುಚ್ಚಿತು. ಅನಂತರ ಪೋಲೀಸ್ ಪಂದ್ಯಗಳಲ್ಲಿ ಗೆಲ್ಲುತ್ತ, ಕಿರಿಯರಿಗೆ ಕಲಿಸುತ್ತ ವರ್ಷಗಳು ಸಂದುವು. ಬಡ್ತಿ ನಿಧಾನವಾಗಿ ಬಂದಿತು; ಸಹಾಯಕ ಪೋಲೀಸ್ ಕಮಿಷನರರಾಗಿ ನಿವೃತ್ತರಾದರು. ನಿವೃತ್ತಿವೇತನಕ್ಕಾಗಿಯೂ ಅವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. 1982ರ ದಿಲ್ಲಿಯ ಏಶಿಯಾಡ್ ಕ್ರೀಡೆಗಳಲ್ಲಿ ಅವರ ಕೈಗೆ ಪಂಜನ್ನು ಕೊಟ್ಟು ಓಡಿಸಿದರು. 1984ರ ಆಗಸ್ಟ್ 14ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ರಸ್ತೆಯ ಅಪಘಾತವೊಂದರಲ್ಲಿ ಅವರು ತೀರಿಕೊಂಡರು.

ಸರಕಾರದ ಮನ್ನಣೆಗಳು ಅನಂತರ ಬಂದುವು. ಮಹಾರಾಷ್ಟ್ರದ ಛತ್ರಪತಿ ಪ್ರಶಸ್ತಿ ತೊಂಬತ್ತರ ದಶಕದಲ್ಲಿ, ಅರ್ಜುನ ಪ್ರಶಸ್ತಿ ಮರಣಾನಂತರ ಇನ್ನೂ ತಡವಾಗಿ. ಅವರ ಪದಕದ ನಂತರ ಭಾರತಕ್ಕೆ ಇನ್ನೊಂದು ವೈಯಕ್ತಿಕ ಪದಕ ದೊರೆಯಲು 1996ರವರೆಗೆ, ಲಿಯಾಂಡರ್ ಪೇಸ್ ಅವರು ಟೆನಿಸ್ಸಿನಲ್ಲಿ ಕಂಚು ಗೆಲ್ಲುವವರೆಗೆ, ನಲವತ್ತನಾಲ್ಕು ವರ್ಷ ಕಾಯಬೇಕಾಯಿತು. ಕುಸ್ತಿಯಲ್ಲಂತೂ 2008ರವರೆಗೆ, ಐವತ್ತಾರು ವರ್ಷ. 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ದಿಲ್ಲಿಯಲ್ಲಿ ಸಿದ್ಧವಾದ ಕುಸ್ತಿಯ ಅಂಗಣಕ್ಕೆ ಅವರ ಹೆಸರನ್ನಿಟ್ಟರು.

ಕುಸ್ತಿಯು ನಮ್ಮ ನಾಡಿಗೆ ಹೊಸದಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವರ್ಗಗಳು, ಅವರ ಆಹಾರ, ಅವರ ಅಭ್ಯಾಸ ಎಲ್ಲವೂ ವಿವರವಾಗಿ ಬಂದಿವೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಮಲ್ಲಸಾಹಸವನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ತಂದೆತಾಯಿಗಳು ಚಲಚ್ಚಿತ್ರದಲ್ಲಿಯಾದರೂ ನೋಡಿರುತ್ತಾರೆ. ದಾದರದ ಶಿವಾಜಿ ಪಾರ್ಕಿನಲ್ಲಿ ಸಂಜೆ ಹೊತ್ತು ಸಮರ್ಥ ವ್ಯಾಯಾಮ ಮಂದಿರದ ಮಕ್ಕಳು ಮಲ್ಲಕಂಬವನ್ನು ಏರುವುದನ್ನು ನಿಂತು ನೋಡಬಹುದು. ಆ ಕಂಬವೂ ಪೈಲವಾನರ ಸಾಮಿಗೆಂದೇ ಹುಟ್ಟಿದ್ದು.

ಪ್ರಶ್ನೆ ಕೇಳಿದ ಹುಡುಗನು ಕಳೆದ ದೀಪಾವಳಿಯ ರಜೆಯಲ್ಲಿ ತಂದೆಯೊಡನೆ ಊರಿಗೆ ಹೋಗುವಾಗ ಕರ್‍ಹಾಡದಲ್ಲಿ ಇಳಿದು ಗೋಳೇಶ್ವರವನ್ನು ನೋಡಿ ಬಂದನು. ಖಾಶಾಬಾ ಅವರ ಮನೆಗೆ ಒಲಿಂಪಿಕ್ ನಿವಾಸವೆಂದು ಹೆಸರು. ಅವನು ಆ ಮನೆಯ ಮುಂದೆ ನಿಂತು, ಬಾಗಿಲು ತಟ್ಟಲು ಸಂಕೋಚಪಟ್ಟು, ಹೊರಗಿನಿಂದಲೇ ನೋಡಿ ಬಂದನಂತೆ. ಬರುವಾಗ ಊರ ತಾಲೀಮಿನಿಂದ ಕಾಗದದಲ್ಲಿ ಒಂದು ಹಿಡಿ ಕೆಮ್ಮಣ್ಣು ಕಟ್ಟಿಕೊಂಡು ಬಂದಿದ್ದಾನೆ. ಅದು ಈಗ ನಮ್ಮ ತರಗತಿಯ ಕಪಾಟಿನಲ್ಲಿ, ಸೀಮೆಸುಣ್ಣದ ಪೆಟ್ಟಿಗೆಯ ಪಕ್ಕದಲ್ಲಿದೆ.